ಲಾಭ, ಎರಡು, ಮೂರು

ದಾದಾಪೀರ್ ಪ್ಯಾಂಟು ತಂದಾಗ ಬೆಳಿಗ್ಗೆ ಏಳು,
ಇದ್ದಿಲು ಇನ್ನೂ ಕಣ್ಣು ಬಿಟ್ಟಿರಲಿಲ್ಲ.
ನೀಲಿ ಜೀನ್ಸು. ಎಡಮಂಡಿಯ ಮೇಲೆ
ಕಡಲೆಕಾಳಿನಷ್ಟು ಮೂರು ತೂತು,
ಹುಣಸೆಬೀಜದಷ್ಟು ಇನ್ನೊಂದು, ಅಂಚೆಲ್ಲ ಕಂದು.
ಕೇಳಬೇಕಾಗಿಲ್ಲ.
ಮಂಡಕ್ಕಿ ಭಟ್ಟಿಯ ಕಿಡಿ ಹಿಂಗೇ ಕಚ್ಚೋದು,
ಕೇರಿಯ ಅರ್ಧ ಬಟ್ಟೆ ನನ್ನ ಮೇಜಿಗೆ
ಇದೇ ಗಾಯ ಹೊತ್ತು ಬರ್ತಾವೆ.

"ಮಾಚಮ್ಮಕ್ಕ, ಹೊಲಿಯೋದು ಬ್ಯಾಡ. ಇದನ್ನ ಅಂಟಿಸು."
ಪ್ಲಾಸ್ಟಿಕ್ ಕವರಿನಿಂದ ತೆಗೆದ
ಅಂಗೈಯಗಲದ ಕೆಂಪು ತೇಪೆ,
ಎಂಟು ಕಡೆ ಚಾಚಿಕೊಂಡಿತ್ತು.
"ಇದೇನೋ, ಕಿತ್ತ ಜಾಲಿಯ ಬೇರೇನೋ?"
"ಆಕ್ಟೋಪಸ್ ಅಕ್ಕಾ. ಸಮುದ್ರದ್ದು.
ಮೂರು ಹೃದಯ ಐತಂತೆ ಅದಕ್ಕೆ."
ನಮ್ಮ ಓಣಿಗೆ ನಲ್ಲಿ ನೀರು ಬರೋದೇ ನಾಲ್ಕು ದಿನಕ್ಕೊಮ್ಮೆ,
ಸಮುದ್ರದ್ದೇ ಬಂತಲ್ಲ, ಬರಲಿ ಬಿಡು ಅಂದೆ.

ಕವರಿನ ಬೆನ್ನಿಗೆ ಚೀನಿ ಅಕ್ಷರ,
ನಾನೂ ಓದಲಾರೆ, ಅವನೂ ಓದಲಾರ.
ಚಿತ್ರ ಮಾತ್ರ ತಿಳೀತು:
ಇಸ್ತ್ರಿಪೆಟ್ಟಿಗೆ, ಅದರ ಹೊಟ್ಟೆಯಲ್ಲಿ ಎರಡು ಚುಕ್ಕಿ.
ನೀರಿನ ಹನಿ, ಅದರ ಮೇಲೊಂದು ಅಡ್ಡಗೆರೆ.
ಹಿಂದಕ್ಕೊಂದು ಮುಂದಕ್ಕೊಂದು ಬಾಣ, ಅದಕ್ಕೂ ಅಡ್ಡಗೆರೆ.
ಅಂದರೆ, ಉಜ್ಜಬೇಡ.
ಒತ್ತು. ಒತ್ತಿ ಸುಮ್ಮನಿರು.

ಇಪ್ಪತ್ತಾರು ವರ್ಷದ ಕೈ ಇದು.
ಕಾಲರಿನಿಂದ ಅಂಚಿಗೆ, ಅಂಚಿನಿಂದ ಕಾಲರಿಗೆ
ಓಡಾಡಿಯೇ ಅನ್ನ ತಿಂದದ್ದು,
ನಿಂತರೆ ಸುಟ್ಟೀತು ಅಂತ ಅತ್ತೆ ಗದರಿ ಕಲಿಸಿದ್ದು.
ಈಗ ನಿಲ್ಲು ಅಂದರೆ ಹೆಂಗೆ ನಿಂತೀತು?

ಗಂಜಿ ಇಲ್ಲದ್ದು ಮುಟ್ಟಿ ನೋಡಿದೆ.
ಕಾಲೊಳಗೆ ಮಡಚಿದ ಗೋಣಿ ತೂರಿಸಿದೆ,
ಒಳಹೊಲಿಗೆಯ ದಿಣ್ಣೆ ಅಡ್ಡ ಬರದ ಹಾಗೆ.
ಪೆಟ್ಟಿಗೆ ಬಾಯಿ ತೆರೆದು ಬೂದಿ ಊದಿದೆ.
ಬೆರಳಿನ ಎಂಜಲು ತಾಗಿಸಿದರೆ ಚುಂಯ್ ಅನ್ನಬೇಕು,
ಚಟ್ ಅಂದರೆ ಅಂಟು ಸುಟ್ಟ ಹಾಗೆಯೇ.
ಚುಂಯ್ ಅಂತು.
ತೇಪೆಯ ಮೇಲೆ ಗಂಡನ ಹಳೇ ಪಂಚೆಯ ತುಂಡು,
ಪಂಚೆಯ ಮೇಲೆ ಏಳು ಸೇರು ಕಬ್ಬಿಣ.

"ಇಪ್ಪತ್ತು ಎಣಿಸು" ಅಂದೆ.
ದಾದಾಪೀರ್ ಎಣಿಸಿದ:
ಲಾಭ. ಎರಡು. ಮೂರು.
ಭಟ್ಟಿಯಲ್ಲಿ ಸೇರು ಅಳೆಯುವ ಹುಡುಗ,
ಒಂದು ಅನ್ನೋ ಮಾತೇ ಅವನ ಬಾಯಲ್ಲಿಲ್ಲ.
ಐದು.
ಕೈ ಮುಂದೆ ಹೋಗ್ತೀನಿ ಅಂತು. ಹಿಡಿದೆ.
ಏಳು. ಎಂಟು.
ಸ್ಕೂಲು ಮಕ್ಕಳ ಆಟೋ ಹೋಯ್ತು, ಒಂದು ಬೂಟು ಹೊರಗೆ.
ಹನ್ನೊಂದಕ್ಕೆ ರಬ್ಬರು ಕಾದ ವಾಸನೆ, ಎದೆ ಧಸಕ್ಕೆಂತು.
ಹದಿನಾಲ್ಕಕ್ಕೆ ತಲೆ ಎತ್ತಿದೆ.
ಎದುರು ಮನೆಯವರು ಬಾಗಿಲಿಗೆ ಹಸಿರು ಬಳಿದು
ಎಷ್ಟು ಕಾಲವಾಯ್ತೋ, ಆಗಲೇ ಸಿಪ್ಪೆ ಏಳುತ್ತಿದೆ.
ಓಣಿ ಇಷ್ಟು ಅಗಲ ಇತ್ತೇ?
ಹತ್ತೊಂಬತ್ತು.
ಇಪ್ಪತ್ತು ಅಕ್ಕಾ, ಇಪ್ಪತ್ತಾಯ್ತು, ಎತ್ತು!

ಎತ್ತಿದೆ.
ಏಳು ಕಾಲು ಬಟ್ಟೆಯನ್ನ ಕಚ್ಚಿ ಹಿಡಿದಿದ್ದವು,
ಎಂಟನೇದು ಉಗುರಿಗೆ ಎದ್ದು ಬಂತು.
ತಿರುವಿ ಒಳಮೈಗೂ ಕಾವು ಕೊಟ್ಟೆ.
ಆರಲಿ, ಮುಟ್ಟಬೇಡ ಅಂದೆ. ಮುಟ್ಟಿದ, ಬೆರಳು ಜಾಡಿಸಿದ,
ಚಾ ತರ್ತೀನಿ ಅಂತ ಓಡಿದ.
ಎಂಟನೇದು ಮತ್ತೆ ಎದ್ದಿತ್ತು.
ಕೆಂಪು ದಾರ ಇರಲಿಲ್ಲ.
ಕರೀದರಲ್ಲೇ ತುದಿಗೆ ಎರಡು ಹೊಲಿಗೆ ಹಾಕಿ
ಹಲ್ಲಿನಿಂದ ಕತ್ತರಿಸಿದೆ. ಅವನಿಗೆ ಹೇಳಲಿಲ್ಲ.

ಕೂಲಿ ಎಷ್ಟು ಅಂದ.
ಪ್ಯಾಂಟಿಗಾದರೆ ಹತ್ತು ರೂಪಾಯಿ,
ಸುಮ್ಮನೆ ನಿಂತದ್ದಕ್ಕೆ ಏನು ಹೇಳಲಿ?

ಸಂಜೆ ಬಂದ. ಆಕ್ಟೋಪಸ್ ಮಂಡಿ ಮಡಚಿ ಕೂತು
ಚೀಲ ಬಿಚ್ಚಿದ, ಸೇರು ತುಂಬಿ ಅಂಗೈಯಿಂದ ತಲೆ ಸವರಿ
ಇನ್ನೂ ಬಿಸಿ ಇದ್ದ ಮಂಡಕ್ಕಿಯನ್ನ
ನನ್ನ ಮೊರಕ್ಕೆ ಸುರಿದ.
"ಲಾಭ" ಅಂದ.

ಎರಡು ಅನ್ನಲಿಲ್ಲ.