ಮೂರನೇದಕ್ಕ ಹೂಂ ಅಂದಿದ್ದರು

ನದಾಫ ಸರ್ ಮೂರನೇ ಪ್ಯಾಚಿಗೆ ಹೂಂ ಅಂದಿದ್ದರು.
ಅವರು ಅಂದ ಮ್ಯಾಲೆ ಕಡೀ ಸಾಲಿನಾಗ
ನಾನಽ ಬರದೆ:
ನೋಡಿ ಒಪ್ಪಿದವರು, ದಾವಲ್ ನದಾಫ.

ಇವತ್ತು ಐದನೇದು ಕಳಸಬೇಕು.
ಬಾಗಲಕೋಟಿ ನವನಗರ, ಮಹಡಿ ಮ್ಯಾಲಿನ ಖೋಲಿ,
ಫ್ಯಾನು ತಿರಗತೈತಿ, ಗಾಳಿ ಬರೂದಿಲ್ಲ,
ಕೆಳಗ ಗಿರಣ್ಯಾಗ ಜ್ವಾಳ ಬೀಸೂ ಸಪ್ಪಳ.
ಕಾಲುವಿ ಗೇಟು ಎಷ್ಟು ಎತ್ತಬೇಕು,
ಅದರ ಲೆಕ್ಕಾ ಹಾಕೂ ಕೋಡು.

ನಾಕನೇದರಾಗ ಒಂದು ಕಾಗುಣಿತ ತಿದ್ದಿದ್ದೆ, ಬರೇ ಟಿಪ್ಪಣಿಯೊಳಗ.
ಸರ್ ಹೆಸರು ಹಂಗಽ ಮುಂದ ಒಯ್ದೆ.
ಯಾರೂ ಏನೂ ಅನ್ನಲಿಲ್ಲ, ಅನ್ನೂವಂಥಾದ್ದೂ ಅಲ್ಲ.
ಬಾಗಲಾ ಮ್ಯಾಲಿನ ಹೆಸರಿಗೆ ಬಣ್ಣಾ ಹಚ್ಚಿದರ
ಮನಿ ಬ್ಯಾರೆ ಆಗತೈತೇನು?

ಐದನೇದರಾಗ ಹನ್ನೊಂದು ಸಾಲು.
ಸುರೇಖಾ ಕೇಳಿದ್ದಳು: ಸೆನ್ಸರ್ ಸುಮ್ಮಕಾದರ
ನಿನ್ನಿ ನೀರಿನ ಮಟ್ಟಾನಽ ಖರೇ ಅಂತ ನಂಬತೈತಲ್ಲ ಇದು?
ನಂಬತಿತ್ತು. ತಿದ್ದಿದೆ.
ಈಗ ಗೇಟು ನಿಂತಲ್ಲೇ ನಿಂತು ಮನಿಶ್ಯಾರನ್ನ ಕೇಳತೈತಿ.

ಹೆಸರು ಇಡಲೋ, ತಗೀಲೋ?
ಇಟ್ಟರ ನಾಳೆ ಮುಂಜಾನೆ ಒಳಗ ಸೇರಿಬಿಡತೈತಿ.
ತಗದರ ಅವರು ಮತ್ತ ಮೊದಲಿಂದ ಓದಬೇಕು,
ವಿಜಯಪುರದಾಗ ಮಗಳ ನಿಕಾಹದ ಓಡ್ಯಾಟದಾಗ ಅದಾರ.
ಕೇಳಿದರ ಇಲ್ಲನ್ನೂ ಮನಿಶ್ಯಾ ಅಲ್ಲ.
ಇಲ್ಲನ್ನೂದಿಲ್ಲಂತ
ಕೇಳದಽ ತಗೊಳ್ಳೂದು?

ಹಳೇ ಊರಾಗಿನ ಮನಿ ನೀರಿಗೆ ಹೋಗೂ ಮೊದಲ
ನಮ್ಮ ಆಯಿ ಒಂದು ಯಾದಿಗೆ ಹೆಬ್ಬೆಟ್ಟು ಒತ್ತಿದ್ದಳು:
ಮೂರು ಅಂಕಣ, ಒಂದು ಹಗೇವು, ಹಿತ್ತಲದಾಗ ಬಾವಿ.
ಓದಿ ಹೇಳಿದಾತ ಸುಳ್ಳೇನೂ ಓದಲಿಲ್ಲ.
ಆಮ್ಯಾಲೆ ಯಾದಿ ಶುದ್ಧ ಬರದರು,
ಬರಿಯೂದ್ರಾಗ ಬಾವಿ ಬಿಟ್ಟುಹೋತು.
ಕಡೀ ಹಾಳಿ ಅದಽ, ನೀಲಿ ಹೆಬ್ಬೆಟ್ಟು ಅದಽ,
ಪಿನ್ನು ಮಾತ್ರ ಹೊಸಾದು.
ಸಾಯೂತನಕ ಆಕಿ ಬೆರಳು ನೋಡಿಕೊಂತ ಕೇಳತಿದ್ದಳು:
ನಾ ಯಾವದಕ್ಕ ಒತ್ತಿದೆ?

ಹೆಸರು ತಗದೆ.
ಕೆಳಗ, ಪುಸ್ತಕದ ಕನ್ನಡದಾಗ, ಬರದೆ:
ಐದನೆಯ ಆವೃತ್ತಿ. ಹನ್ನೊಂದು ಸಾಲು ಬದಲಾಗಿವೆ.
ನದಾಫ ಅವರು ಒಪ್ಪಿದ್ದು ಮೂರನೆಯದನ್ನು.
ಇದನ್ನು ಅವರು ನೋಡಿಲ್ಲ.
ಕಳಿಸಿ ಚಾ ಕುಡ್ಯಾಕ ಇಳದೆ. ಗಿರಣಿ ಬಂದಾಗಿತ್ತು,
ಕಟ್ಟೀ ಮ್ಯಾಲೆಲ್ಲಾ ಬಿಳೇ ಹಿಟ್ಟು.

ಎರಡು ದಿನ ಸುದ್ದಿ ಇಲ್ಲ.
ಮೂರನೇ ದಿನ ರಾತ್ರಿ ಹನ್ನೊಂದೂವರಿಗೆ:
"ಇಟ್ಟಿದ್ದರ ನಾ ಏನೂ ಅನ್ನತಿರಲಿಲ್ಲವಾ ತಂಗಿ.
ಓದತಿರಲೂ ಇಲ್ಲ.
ತಗದೀ ಅಂತ ಓದಿದೆ. ಏಳನೇ ಸಾಲು ನೋಡು.
ಗೇಟು ನಿಂತರ ಆಪರೇಟರಿಗೆ ಹೇಳು ಅಂದೀ.
ಯಾವ ಆಪರೇಟರ? ಆ ಜಾಗಾ ಖಾಲಿ ಬಿಟ್ಟೀ."

ಬಿಟ್ಟಿದ್ದೆ. ಆಮ್ಯಾಲೆ ತುಂಬಿದರಾತು ಅಂತ.

ಆರನೇದು ಸುರು ಮಾಡೀನಿ.
ಸುರೇಖಾನ ಹೂಂ ಐದನೇದಕ್ಕ ಇತ್ತು.
ಬದಲಾಗೂದು ಒಂದಽ ಸಾಲು.
ಆಕೀಗೆ ಫೋನ್ ಹಚ್ಚೀನಿ, ರಿಂಗಾಗಾಕತ್ತೈತಿ.