ಬೆಳಕು ಸೋರದ ಜಾಗ

ಮುರಿದ ಕಾಲಿನ ಕೇಸು ಆಸ್ಪತ್ರೆಯಿಂದ
ನನ್ನ ಕಡೆಗೆ ಬಂದದ್ದು ಇದೇ ಮೊದಲು.
ಕಾಂಪೌಂಡರ್ ದೇವಸ್ಸಿ, ಸಂತೆಯಿಂದ ಕೋಳಿ ತಂದಂತೆ,
ಗೋಣಿಚೀಲ ಹೊತ್ತು ಸೇತುವೆ ದಾಟಿ ಬಂದು
ಬೆಂಚಿನ ಮೇಲೆ ಸುರಿದ:
ಕಟಾಂಜನದ ಒಂದು ಇಡೀ ಕಾಲು, ಮಿಕ್ಕದ್ದೆಲ್ಲ ಚೂರು.

ಹಲಸಿನ ವಾಸನೆಗೆ ಬಂದಿತ್ತಂತೆ ಆನೆ.
ಎಸ್ಟೇಟ್ ಆಸ್ಪತ್ರೆಯ ಜಗಲಿಗೆ ಬೆನ್ನು ತಿಕ್ಕಿ
ಹತ್ತೊಂಬತ್ತು ಕಾಲುಗಳನ್ನು ಮುರಿದು
ಔಷಧಿ ಏನೂ ಕೇಳದೆ
ಹೊಳೆ ದಾಟಿ ದುಬಾರೆಯ ಕಡೆ ಹೋಯಿತಂತೆ.
"ಇದರ ಹಾಗೇ ಬೇಕು," ಅಂದ. "ಹತ್ತೊಂಬತ್ತೂ.
ನಮ್ಮ ಮ್ಯಾನೇಜರು
ಕಣ್ಣಲ್ಲೇ ಸ್ಕೇಲು ಇಟ್ಟುಕೊಂಡ ಜನ."

ತಿರುಗಿಸಿ ನೋಡಿದೆ. ನಂದಿ ಮರ. ಯಾರು ಕಡೆದದ್ದೋ.
ಬುಡದಲ್ಲಿ ಚೌಕ, ಒಂದು ಬಳೆ,
ಏಳು ತಿಂಗಳ ಬಸುರಿಯಂಥ ಉಬ್ಬು, ಸಣ್ಣ ಕೊರಳು,
ಮೇಲೆ ಮತ್ತೆ ಎರಡು ಬಳೆ. ಎರಡರಲ್ಲಿ ಒಂದು
ತುಸು ದಪ್ಪ. ಕೈ ಜಾರಿತ್ತೋ,
ಬೇಕೆಂದೇ ಬಿಟ್ಟನೋ.
"ಸರಿ ಮಾಡೋಣವಾ?" ಅಯ್ಯೂಬ್ ಕೇಳಿದ.
ಹಾಗೇ ಬೇಕು ಅಂದಿದ್ದಾನಲ್ಲ.
ಜಾರಿದ ಕೈಯನ್ನೂ ಹತ್ತೊಂಬತ್ತು ಸಲ ಜಾರಿಸು.

ಪ್ಲೈವುಡ್ಡಿನ ಮೇಲೆ ಮಲಗಿಸಿ
ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ
ಒಂದೇ ಮಗ್ಗುಲಲ್ಲಿ ನಡೆಸಿದೆ.
ಗೆರೆಯ ಒಳಗಿನದನ್ನು ಕತ್ತರಿಸಿ ಎಸೆದೆ.
ಅಚ್ಚು ಅಂದರೆ ಇಷ್ಟೇ, ಕಾಲು ಇಲ್ಲದ ಜಾಗ.
ಅದು ಉಬ್ಬಿದಲ್ಲಿ ಇದು ಹಳ್ಳ,
ಅದರ ಕೊರಳಿಗೆ ಇದರ ಮೂಗು.

ಇನ್ನೊಂದು ಪಟ್ಟಿಗೆ ಏಳು ಮೊಳೆ ಬಡಿದು
ತುದಿಗಳನ್ನು ಅರದಿಂದ ಚೂಪು ಮಾಡಿದೆ.
ಲೇತಿನಲ್ಲಿ ಉರುಳೆಯಾಗಿ ತಿರುಗುವ ಸಿಲ್ವರ್ ಮರಕ್ಕೆ
ಪಟ್ಟಿ ಮುಟ್ಟಿಸಿದರೆ ಏಳು ಗೆರೆ
ಹಾಜರಿ ಕೂಗಿದಂತೆ ಒಮ್ಮೆಗೇ ಎದ್ದು ನಿಲ್ಲುತ್ತವೆ.
ಕೊರಳಿನ ಅಳತೆಗೆ ಹದಿನೇಳರ ಸ್ಪ್ಯಾನರು,
ಹಳೇ ಜೀಪಿನದು. ಅದರ ಬಾಯೊಳಗೆ ಕೊರಳು ಹೋದ ಕೂಡಲೇ
ಉಳಿ ಎತ್ತು. ಒಂದುಸಿರು ತಡವಾದರೆ ಸೌದೆ.

ನಾಲ್ಕು ಸೌದೆಯಾದವು.

ಅಯ್ಯೂಬ್ ಕಾಲಿಗೆ ಅಚ್ಚು ಆನಿಸಿ
ಕಿಟಕಿಯ ಕಡೆ ಹಿಡಿದ. ಉಬ್ಬಿನ ಕೆಳಗೆ
ನೂಲಿನಷ್ಟು ಬೆಳಕು ಸೋರುತ್ತಿತ್ತು.
ಅಲ್ಲೇ ಉಳಿ ಇಟ್ಟ. ಬೆಳಕು ಇನ್ನಷ್ಟಾಯಿತು.
ಮತ್ತೆ ಇಟ್ಟ. ಬಾಗಿಲೇ ತೆರೆಯಿತು.

ಬೆಳಕು ಕಂಡಲ್ಲಿ ತೆಗೆಯಲು ಏನೂ ಇಲ್ಲ ಕಣೋ.
ಕತ್ತಲೆ ಅಂಟಿಕೊಂಡಿದೆಯಲ್ಲ, ಅಲ್ಲಿ ಕೆತ್ತು.
ಮುಟ್ಟುತ್ತಿರುವುದೇ ತಡೆಯುತ್ತಿರುವುದು.
ಇಷ್ಟು ಹೇಳಲು ನನ್ನಪ್ಪ
ನಾಲ್ಕು ವರ್ಷ ತೆಗೆದುಕೊಂಡಿದ್ದ,
ನಾನು ನಾಲ್ಕು ತುಂಡಿನಲ್ಲಿ ಹೇಳಿಬಿಟ್ಟೆ.
ಮಾತಿನ ಬೆಲೆ ಇಳಿಯಿತೇನೋ.

ಏಳನೆಯದರಿಂದ ಅವನ ಕೈ ಮಾತು ಕೇಳಿತು.
ಹನ್ನೊಂದಕ್ಕೆ ಏನೋ ಗುನುಗುತ್ತಿದ್ದ.
ಹದಿನಾರಕ್ಕೆ ಕರೆಂಟು ಹೋಗಿ
ಮರ ತಿರುಗಿ, ತಿರುಗಿ, ನಿಧಾನ
ತನ್ನ ಗಂಟೊಂದನ್ನು ನಮ್ಮ ಕಡೆ ಮಾಡಿ ನಿಂತಿತು.
ಸಿಪ್ಪೆಯ ಸುರುಳಿ ಮೊಣಕಾಲಿನವರೆಗೆ.

ಶನಿವಾರ ಜಗಲಿಯಲ್ಲಿ ಕೂರಿಸಿದೆವು.
ವಾರ್ನಿಷ್ ಒಣಗಿದ ಮೇಲೆ ಮ್ಯಾನೇಜರು
ಆ ತುದಿಯಿಂದ ಈ ತುದಿಗೆ ಕಣ್ಣು ಕಿರಿದಾಗಿಸಿ ನಡೆದು
"ಹೊಸತು ಯಾವುದು?" ಅಂದರು.
ದೇವಸ್ಸಿ ಮೀಸೆಯೊಳಗೇ ನಕ್ಕ.

ಚೀಟಿ ಹಿಡಿದು ಕೂತ ಅಸ್ಸಾಮಿನ ತಾಯಿಯ ಪಕ್ಕದಿಂದೆದ್ದು
ಕೆಮ್ಮಿನ ಹುಡುಗಿಯೊಬ್ಬಳು ಕಾಫಿಗಿಡದ ಕಡ್ಡಿಯನ್ನು
ಕಟಾಂಜನದುದ್ದಕ್ಕೂ ಎಳೆಯುತ್ತ ಓಡಿದಳು:
ಟಣ್ ಟಣ್ ಟಣ್ ಟಣ್
ಟೊಕ್ ಟೊಕ್ ಟೊಕ್
ಹತ್ತೊಂಬತ್ತು ಟೊಕ್. ಆಮೇಲೆ ಮತ್ತೆ ನಂದಿ, ಟಣ್.
ನಿಂತಳು. ಹಿಂದೆ ಬಂದು
ಎರಡು ದನಿ ಸೇರುವಲ್ಲಿ ಇನ್ನೊಮ್ಮೆ ಬಡಿದಳು,
ಆಮೇಲೆ ಬೆರಳಿನಿಂದ. ನನ್ನನ್ನು ನೋಡಿದಳು.
ನಾನು ಬಾಯಿಗೆ ಬೆರಳಿಟ್ಟೆ.

ದುಡ್ಡು ಹತ್ತೊಂಬತ್ತಕ್ಕೆ. ಕಡೆದದ್ದು ಇಪ್ಪತ್ತು.
ಲೀಲಮ್ಮನ ತೊಟ್ಟಿಲು, ಇಗರ್ಜಿಯ ಬೆಂಚು,
ಅವುಗಳ ಅಚ್ಚಿನ ಪಕ್ಕ ಇದನ್ನೂ ಮೊಳೆಗೆ ತೂಗುಹಾಕಿ
ಪೆನ್ಸಿಲಿನಲ್ಲಿ ಬರೆದೆ:
'ಆಸ್ಪತ್ರೆ. ಮೇಲಿನ ಬಳೆ ದಪ್ಪ. ತಿದ್ದಬೇಡ.'
ಕೆಳಗೆ, ಮೂಲೆಯಲ್ಲಿ, ಇಪ್ಪತ್ತನೆಯದು ನಿಂತಿದೆ,
ಬರುವ ವರ್ಷ ಹಲಸು ಹಣ್ಣಾಗುವ ಕಾಲಕ್ಕೆ.