ಕಳಲೆಯ ಲೆಕ್ಕ

ವರ್ಗವಾಗಿ ಸಾಗರಕ್ಕೆ ಬಂದಾಗ ನನ್ನ ಬಳಿ ಇದ್ದದ್ದು
ಅರ್ಧ ಚೀಲ ಜೋಳ, ಒಂದು ಡಬ್ಬಿ ಶೇಂಗಾ ಹಿಂಡಿ,
ಸರಕಾರದ ಅಳತೆ ಸರಪಳಿ.
ಟೈರ್ ಅಂಗಡಿಯ ಮೇಲೊಂದು ಕೋಣೆ.
ಕೆಳಗೆ ಅನ್ಸಾರ್ ಸುತ್ತಿಗೆ ಹೊಡೆಯುವ ಸದ್ದು,
ಮೇಲೆ ನಾನು ರೊಟ್ಟಿ ಬಡಿಯುವ ಸದ್ದು;
ವಾರದೊಳಗೆ ಓಣಿ ಎರಡಕ್ಕೂ ಒಗ್ಗಿಕೊಂಡಿತು.

ಸಂತೆಯಲ್ಲಿ ಪುಂಡಿಪಲ್ಯ ಕೇಳಿದರೆ ನಕ್ಕರು.
ಹಕ್ಕರಕಿ ಎಂದರೆ, ಯಾರ ಮನೆಯವರು ಅಂದರು.
ಗೋಣಿತಾಟಿನ ಮೇಲೆ ಗುತ್ಯಮ್ಮ ಹರಡಿದ್ದಳು
ಹನಿ ನಿಲ್ಲದ ದೊಡ್ಡ ದೊಡ್ಡ ಎಲೆ,
ನಮ್ಮ ಹೊಲದಲ್ಲಾದರೆ ಕಸವೆಂದು ಕಿತ್ತೆಸೆಯುವ ಚಗಟೆ,
ಹೆಸರೇ ಗೊತ್ತಿಲ್ಲದ ನಾಲ್ಕು ಕುಡಿ,
ಪಕ್ಕದಲ್ಲಿ ಸಿಪ್ಪೆ ಸುಲಿದ ಕೊಂಬು.

ಮೊದಲ ವಾರ ಎಲೆ ಕೊಂಡೆ.
ಸಾರು ಮಾಡಿದೆ, ಉಂಡೆ,
ರಾತ್ರಿಯಿಡೀ ಗಂಟಲು ಕೆರೆದುಕೊಂಡೆ.

"ಹುಳಿ ಎಷ್ಟು ಹಾಕಿದ್ರಿ?"
"ಒಂದು ನೆಲ್ಲಿಕಾಯಿ ಗಾತ್ರ."
"ಕೆಸ ನೆಲ್ಲಿಕಾಯಿಗೆಲ್ಲ ಹೆದರಲ್ಲ ಅಮ್ಮ."
ಒಣಗಿದ ವಾಟೆಹುಳಿ ಬಾಚಿ ಚೀಲಕ್ಕೆ ಸುರಿದಳು.
ಎಷ್ಟು ಹಾಕಲಿ ಎಂದರೆ
ತನ್ನ ಅಂಗೈ ನೋಡಿಕೊಂಡಳು,
ನನ್ನ ಅಂಗೈ ನೋಡಿದಳು,
ಉತ್ತರ ಹೇಳಲಿಲ್ಲ.

ನಾನು ಗುಂಟೆಯಲ್ಲಿ ಆಣೆ ತಪ್ಪದವಳು.
ಅಣ್ಣತಮ್ಮಂದಿರ ನಡುವೆ ಗೂಟ ನೆಟ್ಟು
ಇಬ್ಬರಿಂದಲೂ ಬೈಸಿಕೊಂಡು ಬಂದವಳು.
ಈ ಊರಿನ ಅಡುಗೆಗೆ ಮಾತ್ರ ನಕ್ಷೆಯಿಲ್ಲ.

ಎರಡನೆಯ ವಾರ ಕೊಂಬು.
"ಕಳಲೆ, ಬಿದಿರಿನ ಕೂಸು. ಬಿಲ್ಲೆ ಹೆಚ್ಚಿ
ನೀರಲ್ಲಿ ಹಾಕಿ. ದಿನಾ ನೀರು ಚೆಲ್ಲಿ.
ಮೂರು ದಿನ. ಅವಸರ ಮಾಡಿದ್ರೆ
ಹೊಟ್ಟೆ ಹೇಳ್ತದೆ."

ಫೋನಿನಲ್ಲಿ ಅವ್ವ:
"ಏನಂದಿ? ಬಿದಿರ ತಿಂತಿಯೇನ?
ಬಿದಿರ ಚಟ್ಟಕ್ಕ ಬೇಕಾಗ್ತೈತವ್ವ, ತಾಟಿಗಲ್ಲ."

ಒಂದನೆಯ ದಿನದ ನೀರು ಹಳದಿ, ಮೂಗು ಹಿಡಿಸುವ ವಾಸನೆ.
ಎರಡನೆಯ ದಿನ ಅವ್ವನ ಮಾತೇ ನಿಜವೆನಿಸಿತು.
ಮೂರನೆಯ ದಿನ ಬೆಳಿಗ್ಗೆ
ಪಾತ್ರೆಯ ತಳ ಕಂಡಿತು.

ಸಾಸಿವೆ, ಒಣಮೆಣಸು, ಒಂದು ಹಿಡಿ ಕಾಯಿತುರಿ.
ಒಗ್ಗರಣೆ ಮೆಟ್ಟಿಲಿಳಿದು ಹೋಗಿ
ಅನ್ಸಾರನನ್ನು ಮೇಲೆ ಕರೆತಂದಿತು.
ಗ್ರೀಸು ಕೈ ತೊಳೆದು, ರೊಟ್ಟಿ ಮುರಿದು, ಪಲ್ಯ ಮಡಿಸಿ,
ತುಂಬ ಹೊತ್ತು ಅಗಿದು ತೀರ್ಪು ಕೊಟ್ಟ:
"ಕಳಲೆ ನಮ್ಮದೇ. ರೊಟ್ಟಿ ಸ್ವಲ್ಪ ಟ್ಯೂಬ್ ಇದ್ದ ಹಾಗಿದೆ."
ಮೂರು ತಿಂದ.

ಆಮೇಲೆ ಬಾಯಿ ಪಂಚಾಂಗ ಓದಲು ಕಲಿಯಿತು.
ಚಗಟೆಗೆ ಎಳೆತನ ಇದ್ದದ್ದು ಹದಿನೈದೇ ದಿನ.
ಅಮಟೆ ಓಟೆ ಗಟ್ಟಿಯಾಗುವ ಮೊದಲೇ ಗೊಜ್ಜಾಯಿತು.
ಒಂದೆಲಗ ಅರೆದು ಮಜ್ಜಿಗೆಗೆ ಬೆರೆಸಿದ ಮಧ್ಯಾಹ್ನ
ಕಚೇರಿಯ ಫೈಲುಗಳೂ ತಣ್ಣಗಿದ್ದವು.

ಶ್ರಾವಣ ಕಳೆಯುವಾಗ ಕೇಳಿದೆ: ಕಳಲೆ?
"ಹಿತ್ತಲ ಮೆಳೆಯಲ್ಲಿ ಮೂರು ಉಳಿದಾವೆ."
ಕೊಡು ಎಂದೆ.
"ಕೊಡಲ್ಲ."
ಎರಡರಷ್ಟು ರೇಟು ಹೇಳಿದೆ.
ಅವಳು ಮೊಗೆಕಾಯಿ ತಕ್ಕಡಿಗಿಟ್ಟಳು.
"ಇನ್ನು ಅದು ಬಿದಿರು."

ಸಿಟ್ಟು ಬಂತು. ಮೊಗೆಕಾಯಿ ಒಯ್ದು
ಎರಡು ದಿನ ಮೂಲೆಯಲ್ಲಿಟ್ಟೆ.
ಮೂರನೆಯ ದಿನ ಹುಳಿ ಮಾಡಿದೆ.
ಹಾಳಾದ್ದು, ರುಚಿಯಾಗೇ ಇತ್ತು.

ಈಗ ಮಾರ್ಗಶಿರ. ತಾಳಗುಪ್ಪದ ಕಡೆ ಗದ್ದೆ ಅಳತೆ.
ಕುಯ್ಲು ಮುಗಿದ ನೆಲ, ಜಗಳ ಮುಗಿಯದ ಇಬ್ಬರು.
ಗುರುತಿಗೆ ತಂದ ಗಳು ನನಗಿಂತ ಎತ್ತರ,
ಗಿಣ್ಣಿಗೆ ಗಿಣ್ಣು ನೆಟ್ಟಗೆ.
ಮೂರು ವರ್ಷದ ಹಿಂದೆ ಯಾರೋ ಒಬ್ಬಳು
ಯಾರಿಗೋ ಇಲ್ಲ ಎಂದಿರಬೇಕು.

ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದೆ.
ಜಗಳದವರಿಗೂ ಒಂದೊಂದು ರೊಟ್ಟಿ,
ಮೇಲೆ ಕೆಸುವಿನ ದಂಟಿನ ಗೊಜ್ಜು.
ಯಾರ ಗಂಟಲೂ ತುರಿಸಲಿಲ್ಲ.
ಹುಳಿ ಎಷ್ಟು ಹಾಕಿದ್ರಿ ಮೇಡಂ,
ಅಣ್ಣ ಕೇಳಿದ.

ನಾನು ನನ್ನ ಅಂಗೈ ನೋಡಿಕೊಂಡೆ.